ಹೊತ್ತ ತಿಂಗಳ ಲೆಕ್ಕ

ಮೇಷ್ಟ್ರನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ ಹೆಡ್ಮಾಸ್ಟರು ಒಂದು ಫಾರಂ ತಂದು ನನ್ನ ಮೇಜಿನ ಮೇಲಿಟ್ಟರು. ತೀರಿಕೊಂಡ ಉಪಾಧ್ಯಾಯರ ಹೆಸರು, ಊರು, ಕೆಲಸಕ್ಕೆ ಸೇರಿದ ತಾರೀಖು, ವಯಸ್ಸು. ‘ಹದಿನೇಳು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತವರು ನೀವು, ನೀವೇ ತುಂಬಿಸಿ’ ಎಂದರು. ಮಿಕ್ಕಿದ್ದೆಲ್ಲ ತುಂಬಿಸಿದೆ. ವಯಸ್ಸಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಐವತ್ತನಾಲ್ಕು ಎಂದು ಬರೆದರೆ ಯಾರೂ ತಕರಾರು ಮಾಡುವುದಿಲ್ಲ. ಸರ್ವಿಸ್ ಪುಸ್ತಕದಲ್ಲಿ ಇರುವುದೂ ಅದೇ. ಆದರೂ ಮೂರು ದಿನ ಆ ಫಾರಂ ನನ್ನ ಡ್ರಾಯರಿನಲ್ಲೇ ಬಿದ್ದಿತ್ತು.

ಹೊಳೆನರಸೀಪುರದ ನಮ್ಮ ಸ್ಕೂಲಿನಲ್ಲಿ ಅವರು ಲೆಕ್ಕ ಹೇಳಿಕೊಡುತ್ತಿದ್ದರು. ಕುಳ್ಳು ಮನುಷ್ಯ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಕೋಟಿನ ಜೇಬಿನಲ್ಲಿ ಯಾವಾಗಲೂ ಪುಡಿಯಾದ ಸೀಮೆಸುಣ್ಣ. ಮಾತಾಡುವಾಗ ಅವರ ಬಲಗೈ ಹೆಬ್ಬೆರಳು ಮಿಕ್ಕ ಬೆರಳುಗಳ ಗೆಣ್ಣುಗಳ ಮೇಲೆ ತಾನಾಗಿಯೇ ಓಡಾಡುತ್ತಿತ್ತು. ‘ಏನು ಎಣಿಸ್ತಿದ್ದೀರಿ ಸಾರ್?’ ಎಂದು ಒಮ್ಮೆ ಕೇಳಿದೆ. ‘ಏನೂ ಇಲ್ಲ ಕಣ್ರೀ. ಬೆರಳಿಗೆ ಕೆಲಸ ಇರಲಿ ಅಂತ’ ಎಂದು ನಕ್ಕರು. ಹೊಸದಾಗಿ ಬಂದಿದ್ದ ನನಗೆ ಅವರ ನಗು ಧೈರ್ಯ ಕೊಟ್ಟಿತ್ತು.

ಜೂನ್ ತಿಂಗಳಲ್ಲಿ ಹುಡುಗರನ್ನು ಸ್ಕೂಲಿಗೆ ಸೇರಿಸಿಕೊಳ್ಳುವಾಗ ದಾಖಲಾತಿ ಪುಸ್ತಕದ ಮುಂದೆ ಅವರೇ ಕೂರಬೇಕು. ನಾನು ಪಕ್ಕದಲ್ಲಿ ಕೂತು ಮಸಿ ಒರಸಬೇಕು. ಮೊದಲ ದಿನವೇ ನಾನು ಒಬ್ಬ ತಂದೆಯನ್ನು ‘ಮಗನ ವಯಸ್ಸೆಷ್ಟು?’ ಎಂದು ಕೇಳಿ ಮೇಷ್ಟ್ರಿಂದ ಬೈಸಿಕೊಂಡೆ.

‘ಹಾಗೆ ಕೇಳಿದರೆ ಏನು ಸಿಗುತ್ತೆ? ಯಾರ ಲೆಕ್ಕದಲ್ಲಿ ಅಂತ ಮೊದಲು ಕೇಳ್ರಿ!’

ಅವರು ಹೇಳಿದ್ದು ನಿಜ. ನಮ್ಮ ರೈತರು ತುಂಬಿದ ವರ್ಷ ಹೇಳುವುದಿಲ್ಲ, ನಡೆಯುತ್ತಿರುವ ವರ್ಷ ಹೇಳುತ್ತಾರೆ. ಆರು ತುಂಬಿದ ಮಗು ಅವರ ಬಾಯಲ್ಲಿ ‘ಏಳಕ್ಕೆ ಬಿದ್ದೈತೆ.’ ನಮ್ಮ ಮನೆಗಳಲ್ಲಿ ಮುಂಜಿಗೆ ಗರ್ಭಾಷ್ಟಮ ಎಂದು ಬಸಿರಿನಿಂದಲೇ ಎಂಟು ಎಣಿಸುತ್ತಾರೆ. ಶ್ರವಣಬೆಳಗೊಳದ ಕಡೆಯಿಂದ ಬಂದವರು ಸಂವತ್ಸರವನ್ನೂ ಹೇಳುವುದಿಲ್ಲ, ‘ಅಭಿಷೇಕ ಆದ ಮಾರನೇ ವರ್ಸ ಉಟ್ದ’ ಎನ್ನುತ್ತಾರೆ. ಇಷ್ಟನ್ನೂ ಕೇಳಿಸಿಕೊಂಡು, ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ, ‘ಉಗಾದಿ ಎಷ್ಟು ಕಂಡಿದ್ದಾನೆ?’ ಎಂದು ಇನ್ನೊಂದು ಪ್ರಶ್ನೆ ಹಾಕಿ, ಮೇಷ್ಟ್ರು ಸರ್ಕಾರ ಕೇಳುವ ತುಂಬಿದ ವಯಸ್ಸನ್ನು ಬರೆಯುತ್ತಿದ್ದರು. ಅವರ ಅಂದಾಜು ತಪ್ಪಿದ್ದನ್ನು ನಾನು ಕಂಡಿಲ್ಲ.

ನಮ್ಮಲ್ಲಿ ಆಗ ಉರ್ದು ಕಲಿಸುವ ಮುನ್ಷಿ ಸಾಹೇಬರಿದ್ದರು. ಅವರೂ ಮೇಷ್ಟ್ರೂ ಇದೇ ಊರಿನಲ್ಲಿ ಒಂದೇ ವಾರದಲ್ಲಿ ಹುಟ್ಟಿದವರು. ಆದರೆ ಸಾಹೇಬರದು ಚಂದ್ರನ ವರ್ಷ. ಅದು ನಮ್ಮದಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಹಾಗಾಗಿ ನಲವತ್ತರ ಹತ್ತಿರ ಬರುವ ಹೊತ್ತಿಗೆ ಸಾಹೇಬರು ಒಂದು ವರ್ಷ ದೊಡ್ಡವರಾಗಿಬಿಟ್ಟಿದ್ದರು.

‘ಏನು ಮಾಸ್ಟರ್ ಸಾಬ್, ಹಿರಿಯರು ಬಂದ್ರೆ ಎದ್ದು ನಿಲ್ಲೋ ಪದ್ಧತಿ ಇಲ್ವಾ?’ ಎಂದು ಬಾಗಿಲಲ್ಲೇ ಕೆಣಕುತ್ತಿದ್ದರು.

‘ನಿಮ್ಮ ಚಂದ್ರನಿಗೆ ಅವಸರ ಸಾಹೇಬರೇ. ನಾವು ಆಗಾಗ ಒಂದು ಅಧಿಕ ಮಾಸ ಕೊಟ್ಟು ನಮ್ಮವನನ್ನ ಕೂರಿಸ್ತೀವಿ’ ಎಂದು ಮೇಷ್ಟ್ರು ನಿಜವಾಗಿಯೂ ಎದ್ದು ನಿಂತು ಕೈಮುಗಿಯುತ್ತಿದ್ದರು. ಆ ದಿನಗಳಲ್ಲಿ ವಯಸ್ಸು ನಮಗೆ ನಗುವ ವಿಷಯವಾಗಿತ್ತು.

ನಂಜನ ಅವ್ವ ಬಂದದ್ದು ನಾನು ಕೆಲಸಕ್ಕೆ ಸೇರಿದ ವರ್ಷವೇ. ಹೊಳೆಯ ಆಚೆ ದಡದ ಒಕ್ಕಲು ಮನೆಯವಳು. ಗಂಡ ಸತ್ತು ವರ್ಷವಾಗಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಗದ್ದೆಯ ಕೆಸರು ಕಾಲಿನಲ್ಲೇ ಒಣಗಿಸಿಕೊಂಡು, ಮಗನನ್ನು ಮೇಜಿನ ಮುಂದೆ ತಂದು ನಿಲ್ಲಿಸಿದಳು. ಮೇಜಿನ ಅಂಚಿನ ಮೇಲೆ ಹುಡುಗನ ತಲೆ ಮಾತ್ರ ಕಾಣುತ್ತಿತ್ತು.

‘ಏಳಕ್ಕೆ ಬಿದ್ದೈತೆ ಸ್ವಾಮಿ. ಸೇರ್ಸ್ಕಳಿ.’

ಮೇಷ್ಟ್ರು ಹುಡುಗನನ್ನು ನೋಡಿದರು. ‘ಉಗಾದಿ ಎಷ್ಟು ತಾಯಿ?’

ಅವಳು ಸಂವತ್ಸರ ಹೇಳಿದಳು. ಅಕ್ಷಯ ಸಂವತ್ಸರದ ಕೊನೆ, ಕಾಮನ ಹುಣ್ಣಿಮೆಗೆ ಮೂರು ದಿನ ಮುಂಚೆ. ಹೆಬ್ಬೆರಳು ಓಡಿತು. ‘ಐದು ತುಂಬಿದೆ ಅಷ್ಟೆ. ಆರಕ್ಕೆ ಬಿದ್ದಿದೆ ಅಂತ ಬೇಕಾದ್ರೆ ಹೇಳಿ. ಏಳು ಎಲ್ಲಿಂದ ಬಂತು? ಆರು ತುಂಬದೆ ಸೇರಿಸೋ ಹಾಗಿಲ್ಲ.’

‘ಒಂಬತ್ತು ತಿಂಗ್ಳು ನಾನ್ ಒತ್ಕಂಡಿದ್ದು ಲೆಕ್ಕಕ್ಕಿಲ್ವಾ?’ ಎಂದಳು ಅವಳು. ಕೋಪವಿರಲಿಲ್ಲ, ಕೇಳಿದಳು ಅಷ್ಟೆ. ‘ಒಟ್ಟೇಲಿ ಒದ್ದವ್ನೆ, ಬಿಕ್ಕಳಿಸವ್ನೆ, ನಾನ್ ಉಂಡಿದ್ದು ಉಂಡವ್ನೆ. ಆಗ ಬದುಕಿರ್ಲಿಲ್ವಾ ಅವನು? ನಾನು ಗದ್ದೆಗೆ ಓದ್ರೆ ಇವನು ಒಳೆ ಕಡೀಕೆ ಓಗ್ಬುಡ್ತನೆ ಸ್ವಾಮಿ. ನೀರು ಕಂಡ್ರೆ ನಿಲ್ಲಾಕಿಲ್ಲ. ಇಲ್ಲಿ ನಾಕು ಗ್ವಾಡೆ ಮಧ್ಯ ಇದ್ರೆ ಜೀವ ಉಳೀತದೆ.’

ಮೇಷ್ಟ್ರು ಲೇಖನಿ ಕೆಳಗಿಟ್ಟು ಗಟ್ಟಿಯಾಗಿ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ‘ಇವಳ ಲೆಕ್ಕ ನನಗಿಂತ ಸರಿ ಇದೆ ಕಣ್ರೀ. ನಮ್ಮಲ್ಲಿ ಬಸುರಿಯ ಎಂಟನೇ ತಿಂಗಳಿಗೇ ಹೊಟ್ಟೆಯ ಕೂಸಿಗೆ ಅಂತ ಲಿಂಗ ಧರಿಸೋ ಸಂಸ್ಕಾರ ಇದೆ. ಲಿಂಗ ಪಡೆದವನು ಇನ್ನೂ ಲೆಕ್ಕಕ್ಕೆ ಬಂದಿಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳಲಿ?’ ಎಂದರು. ಹೀಗೆನ್ನುತ್ತ ವಯಸ್ಸಿನ ಜಾಗದಲ್ಲಿ, ತುಂಬಿದ್ದನ್ನು ಬಿಟ್ಟು, ಅವಳು ಹೇಳಿದ ಏಳನ್ನೇ ದುಂಡಗೆ ಬರೆದರು. ನಾನೇ ಅದರ ಮೇಲೆ ಒತ್ತುಕಾಗದ ಇಟ್ಟು ಮಸಿ ಒರಸಿದೆ.

ಆ ಕಥೆಯನ್ನು ಅವರು ಹನ್ನೊಂದು ವರ್ಷ ಹೇಳಿದರು. ಹೊಸ ಮೇಷ್ಟ್ರು ಯಾರು ಬಂದರೂ, ಇನ್‌ಸ್ಪೆಕ್ಟರು ಕಾಫಿ ಕುಡಿಯುತ್ತ ಕೂತರೂ, ಅವಳ ದನಿಯನ್ನೇ ಅನುಕರಿಸಿ ‘ಲೆಕ್ಕಕ್ಕಿಲ್ವಾ?’ ಎನ್ನುತ್ತಿದ್ದರು. ಕೇಳಿದವರು ಮೆಚ್ಚಿ ನಗುತ್ತಿದ್ದರು. ನಾನೂ ಪ್ರತಿ ಸಲ ನಕ್ಕಿದ್ದೇನೆ.

ನಂಜ ನಾಲ್ಕನೆಯ ಕ್ಲಾಸಿನವರೆಗೆ ಓದಿ ಬಿಟ್ಟ. ಹೊಳೆಗೆ ಬೀಳಲಿಲ್ಲ. ಚೆನ್ನಾಗಿ ಬೆಳೆದ. ಎತ್ತಿನ ಗಾಡಿ ಹೊಡೆಯುತ್ತಿದ್ದರೂ ಅವನ ಕಣ್ಣೆಲ್ಲ ಮೋಟಾರಿನ ಮೇಲೆ. ಹಾಸನದ ಬಸ್ಸು ನಿಂತರೆ ಅದರ ಚಕ್ರ ಮುಟ್ಟಿ ನೋಡುತ್ತಿದ್ದ. ಯುದ್ಧ ನಡೆಯುತ್ತಿತ್ತು. ಸೈನ್ಯಕ್ಕೆ ಸೇರಿದವರಿಗೆ ಲಾರಿ ಓಡಿಸುವುದನ್ನು ಕಲಿಸುತ್ತಾರೆ ಎಂದು ಯಾರೋ ಅವನ ಕಿವಿಗೆ ಹಾಕಿದರು. ಒಂದು ಬೆಳಿಗ್ಗೆ ಸ್ಕೂಲಿಗೆ ಬಂದು, ‘ಕೆಲಸಕ್ಕೆ ಕೇಳ್ತಾವ್ರೆ ಸಾ, ವಯಸ್ಸಿನ ಸರ್ಟಿಫಿಕೇಟು ಬೇಕು’ ಎಂದ. ಯಾವ ಕೆಲಸ ಎಂದು ಮೇಷ್ಟ್ರು ಕೇಳಲಿಲ್ಲ. ಹಳೆಯ ಪುಸ್ತಕ ತೆಗೆದರು, ಏಳಕ್ಕೆ ಹನ್ನೊಂದು ಸೇರಿಸಿದರು, ಹದಿನೆಂಟು ತುಂಬಿದೆ ಎಂದು ಬರೆದು ಸಹಿ ಹಾಕಿಕೊಟ್ಟರು. ವರ್ಷವಿಡೀ ಆ ಕಥೆ ಹೇಳುತ್ತಿದ್ದ ಮನುಷ್ಯನಿಗೆ ಆ ಗಳಿಗೆಯಲ್ಲಿ ಅದು ನೆನಪಾಗಲಿಲ್ಲ. ನಂಜನಿಗೆ ಹದಿನಾರು ತುಂಬಿ ಮೂರು ತಿಂಗಳಾಗಿತ್ತು.

ನಾಲ್ಕನೆಯ ದಿನ ಅವನ ಅವ್ವ ಬಂದಳು. ಅಂಗಳದಲ್ಲಿ ಹುಡುಗರೆಲ್ಲ ಸಾಲಾಗಿ ನಿಂತಿದ್ದರು. ಅವಳು ಸಾಲಿನ ನಡುವೆ ನುಗ್ಗಿ ಬಂದು ಮೇಷ್ಟ್ರ ಕೋಟು ಹಿಡಿದುಕೊಂಡಳು.

‘ಅದಿನೆಂಟು ಆದೋರ್ನ ಮಾತ್ರ ತಗತಾರಂತೆ. ನನ್ ಮಗಂಗೆ ಎಲ್ಲೈತೋ ಅದಿನೆಂಟು? ಐದು ವರ್ಸದ ಮಗೀನ ತಂದು ನಿನ್ ಕೈಗೆ ಕೊಟ್ನಲ್ಲೋ! ಏಳು ಅಂತ ಯಾಕ್ ಬರ್ದೆ? ನಿನ್ ಕೈ ಸೇದ್ ಓಗ!’

ನಾನು ಬಾಯಿ ತೆರೆದೆ. ಮೇಷ್ಟ್ರು ನನ್ನ ಮಣಿಕಟ್ಟನ್ನು ಹಿಡಿದರು. ಆ ಹಿಡಿತದ ಗುರುತು ಸಂಜೆಯವರೆಗೂ ಕೈಮೇಲಿತ್ತು.

‘ಹೌದು ತಾಯಿ’ ಎಂದರು. ‘ನೀವು ಐದು ಅಂತಲೇ ಹೇಳಿದ್ರಿ. ಏಳು ಅಂತ ಬರೆದವನು ನಾನು. ತಪ್ಪು ನನ್ನದು.’

ಅವಳು ಅಲ್ಲೇ ನೆಲದ ಮೇಲೆ ಕುಸಿದು ಮಣ್ಣನ್ನು ಬಡಿಯುತ್ತ ಅತ್ತಳು. ಅವತ್ತು ಸ್ಕೂಲು ನಡೆಯಲಿಲ್ಲ. ಎಲ್ಲರೂ ಹೋದ ಮೇಲೆ ನಾನು, ‘ಇದೇನು ಸಾರ್ ಮಾಡಿದ್ರಿ? ವಯಸ್ಸು ಹೇಳಿದವಳು ಅವಳೇ ಅಲ್ವಾ?’ ಎಂದೆ. ಅವರು ಸಿಡುಕಿದರು. ‘ಹೇಳಿದವಳು ತಾಯಿ. ಬರೆಯೋದಕ್ಕೆ ಸಂಬಳ ತಗೊಳ್ಳೋವನು ನಾನು. ಆ ಹೊರೇನೂ ಅವಳ ತಲೆ ಮೇಲೆ ಹಾಕಿದರೆ ಅವಳು ಬದುಕ್ತಾಳೇನ್ರೀ? ಆ ಕಥೆ ನೀವು ಇನ್ನು ಯಾರಿಗೂ ಹೇಳಬೇಡಿ.’ ನಾನು ಹೇಳಲಿಲ್ಲ. ಕೇಳಿ ನಕ್ಕಿದ್ದವರಲ್ಲಿ ಹೆಚ್ಚಿನವರು ವರ್ಗವಾಗಿ ಹೋಗಿದ್ದರು. ಉಳಿದವರಿಗೆ ನೆನಪಿತ್ತೋ ಇಲ್ಲವೋ, ಊರು ಮಾತ್ರ ತೀರ್ಮಾನ ಮಾಡಿಬಿಟ್ಟಿತು. ಹುಡುಗನನ್ನು ಯುದ್ಧಕ್ಕೆ ಕಳಿಸಿದ ಮೇಷ್ಟ್ರು ಎಂದು ಬೀದಿಯಲ್ಲಿ ಬೆರಳು ತೋರಿಸಿದರು. ಪೇಟೆಯಲ್ಲಿ ಅವರು ಬಂದರೆ ಮಾತು ನಿಲ್ಲುತ್ತಿತ್ತು.

ಅಲ್ಲಿಂದ ಅವರ ಓಡಾಟ ಶುರುವಾಯಿತು. ನಂಜ ಇನ್ನೂ ಈ ಕಡೆಯೇ ಎಲ್ಲೋ ತರಬೇತಿಯಲ್ಲಿದ್ದ. ಅವನನ್ನು ಹಡಗು ಹತ್ತಿಸುವ ಮೊದಲು ನಿಜವಾದ ವಯಸ್ಸನ್ನು ಸಾಬೀತು ಮಾಡಬೇಕು, ಬಿಡಿಸಿಕೊಂಡು ಬರಬೇಕು. ಇದೊಂದೇ ಜಪ. ಹಾಸನದ ಕಚೇರಿಗೆ ನಾನೂ ಜೊತೆಯಲ್ಲಿ ಹೋದೆ. ಅಲ್ಲಿನ ಅಧಿಕಾರಿ ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ಪೂರ್ತಿ ಕೇಳಿದರು.

‘ಹದಿನೆಂಟು ಅಂತ ಬರೆದವರು ನೀವು. ಹದಿನಾರು ಅಂತ ಬರೆದು ತಂದವರೂ ನೀವು. ನಿಮ್ಮ ಯಾವ ಸಹಿಯನ್ನ ನಾನು ನಂಬಲಿ ಹೇಳಿ ಮೇಷ್ಟ್ರೇ. ಬೇರೆಯವರ ದಾಖಲೆ ತನ್ನಿ, ಕಳಿಸ್ತೀನಿ.’

ಪಟೇಲರ ಮನೆಯಲ್ಲಿ ಜನನದ ಪುಸ್ತಕವನ್ನು ಗೆದ್ದಲು ತಿಂದಿತ್ತು. ನಂಜನನ್ನು ಹೆತ್ತಾಗ ಇದ್ದ ಸೂಲಗಿತ್ತಿ ಅರಕಲಗೂಡಿನ ಆಚೆ ಮಗಳ ಮನೆ ಸೇರಿದ್ದಾಳೆಂದು ತಿಳಿಯಿತು. ಪೆಟ್ರೋಲು ಸಿಗದ ಕಾಲ, ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು. ಏರಿನಲ್ಲಿ ಅದು ನಿಂತೇ ಹೋಯಿತು. ಮೇಷ್ಟ್ರು ಇಳಿದು, ಮುಂದಿನ ಬಸ್ಸು ಕಾಯೋಣ ಎಂದು ನಾನೆಂದರೂ ಕೇಳದೆ, ಬಿಸಿಲಿನಲ್ಲಿ ದಾಪುಗಾಲು ಹಾಕಿದರು. ನಾನು ಹಿಂದೆ ಓಡಿದೆ. ಮುದುಕಿಗೆ ಕಣ್ಣು ಮಂಜು, ನೆನಪು ಮಾತ್ರ ಚೊಕ್ಕ.

‘ಬೆಳ್ಗೊಳದ ಅಭಿಷೇಕ ಆಗಿ ಎರಡು ವರ್ಸಕ್ಕೆ ಕಣಪ್ಪ. ಅವತ್ತೊಂದೇ ದಿನ ಎರಡು ಎರಿಗೆ ಮಾಡ್ಸಿದ್ದೆ. ಬೆಳಿಗ್ಗೆ ಇವನು, ಸಂಜೀಕೆ ಮುನ್ಷಿ ಸಾಯಬ್ರ ಮಗಳು. ಸಾಯಬ್ರು ಉಪಾಸ ಬಿಟ್ಟು ಖರ್ಜೂರ ಕೊಟ್ಟಿದ್ರು.’

ಅವಳ ಹೆಬ್ಬೆಟ್ಟಿನ ಗುರುತು ಹಾಕಿಸಿಕೊಂಡು ಮೇಷ್ಟ್ರು ಎದ್ದಾಗ ಅವರ ಮುಖದಲ್ಲಿ ಅಷ್ಟು ದಿನದ ಮೇಲೆ ಕಳೆ ಬಂದಿತ್ತು. ಮುನ್ಷಿ ಸಾಹೇಬರು ಆಗ ಚನ್ನರಾಯಪಟ್ಟಣದಲ್ಲಿದ್ದರು. ಹೇಳಿಕೇಳಿ ಸಾಹೇಬರು ಎಲ್ಲವನ್ನೂ ಬರೆದಿಡುವವರು. ಮಗಳು ಹುಟ್ಟಿದ ದಿನವನ್ನು ತಮ್ಮ ಪುಸ್ತಕದಲ್ಲಿ ಉರ್ದುವಿನಲ್ಲಿ ಬರೆದಿದ್ದರು. ರಂಜಾನಿನ ಹನ್ನೆರಡನೆಯ ದಿನ, ಹಿಜರಿ ಸಾವಿರದ ಮುನ್ನೂರ ನಲವತ್ತೈದು. ಮೇಷ್ಟ್ರು ಅಲ್ಲೇ ಚಾಪೆಯ ಮೇಲೆ ಕೂತು ಹಳೆಯ ಪಂಚಾಂಗ, ಸ್ಲೇಟು, ಬಳಪ ಹರಡಿಕೊಂಡರು. ಆ ವರ್ಷ ಅವರ ರಂಜಾನು, ನಮ್ಮ ಫಾಲ್ಗುಣ ಎರಡೂ ಒಂದೇ ಚಂದ್ರನಿಗೆ ಶುರುವಾಗಿದ್ದವು. ಹನ್ನೆರಡನೆಯ ದಿನವೆಂದರೆ ಹುಣ್ಣಿಮೆಗೆ ಮೂರು ದಿನ ಮುಂಚೆ. ತಾಯಿ ಹೇಳಿದ್ದಕ್ಕೆ ಸರಿಯಾಗಿ ಕೂತಿತು.

‘ಸಿಕ್ಕಿದ ಸಾಹೇಬರೇ, ಹುಡುಗ ಸಿಕ್ಕಿದ!’ ಎಂದು ಮೇಷ್ಟ್ರು ಸ್ಲೇಟನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟರು. ಸಾಹೇಬರು ಅವರ ಬೆನ್ನು ಸವರಿದರು. ‘ಅಳಬೇಡಿ ಮಾಸ್ಟರ್ ಸಾಬ್. ನಾನು ಹಿರಿಯ, ಹೇಳಿದ ಮಾತು ಕೇಳಿ. ಮೊದಲು ಊಟ ಮಾಡಿ.’ ಅವತ್ತು ಯಾರೂ ನಗಲಿಲ್ಲ.

ಸಾಹೇಬರ ಹೇಳಿಕೆ, ಸೂಲಗಿತ್ತಿಯ ಹೆಬ್ಬೆಟ್ಟು, ಪಂಚಾಂಗದ ನಕಲು, ಅಮಲ್ದಾರರ ಮೊಹರು, ಎಲ್ಲವನ್ನೂ ಹೊಲಿದು ಹಾಸನಕ್ಕೆ ಕೊಟ್ಟು ಬಂದೆವು. ಅಧಿಕಾರಿ ಓದಿ ತಲೆದೂಗಿ ಮೇಲಕ್ಕೆ ಕಳಿಸಿದರು. ಆಮೇಲೆ ಕಾದೆವು. ಮೇಷ್ಟ್ರು ಪ್ರತಿ ಶನಿವಾರ ಹಾಸನಕ್ಕೆ ಹೋಗಿ ಆ ಕಚೇರಿಯ ಬೆಂಚಿನ ಮೇಲೆ ಕೂತು ಬರುತ್ತಿದ್ದರು. ಜವಾನನು ದೂರದಿಂದಲೇ ಇಲ್ಲವೆಂದು ಕೈಯಾಡಿಸುತ್ತಿದ್ದ. ಅಷ್ಟರಲ್ಲಿ ನಂಜನಿಂದ ಒಂದು ಕಾಗದ ಬಂತು, ಲಾರಿ ಓಡಿಸಲು ಕಲಿತಿದ್ದಾನಂತೆ, ಅವ್ವನನ್ನು ಕೂರಿಸಿಕೊಂಡು ಹಾಸನಕ್ಕೆ ಕರೆದೊಯ್ಯುತ್ತಾನಂತೆ. ಅದಾದ ಮೇಲೆ ಬಂದ ಕಾಗದದಲ್ಲಿ ಊರಿನ ಹೆಸರಿರಲಿಲ್ಲ. ಬರ್ಮಾ ಕಡೆ ಕಳಿಸಿರಬೇಕೆಂದು ಗೊತ್ತಿದ್ದವರು ಹೇಳಿದರು.

ಮಾರನೆಯ ವರ್ಷ ಶ್ರಾವಣದಲ್ಲಿ ನಂಜನ ಅವ್ವ ಇಂಗ್ಲಿಷಿನ ಒಂದು ಕಾಗದ ಹಿಡಿದು ಸ್ಕೂಲಿನ ಬಾಗಿಲಿಗೆ ಬಂದಳು. ಅಂಚೆಯವನು ಕೊಟ್ಟು, ಮುಖ ನೋಡದೆ ಹೋಗಿಬಿಟ್ಟಿದ್ದನಂತೆ. ನಾನು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ ಮೇಷ್ಟ್ರಿಗೇ ಕೊಟ್ಟಳು. ‘ಓದು’ ಎಂದಳು.

ಅವರು ಓದಿದರು. ಕನ್ನಡದಲ್ಲಿ ಹೇಳಿದರು. ಮೂರು ಸಾಲಿನ ಕಾಗದ, ಹೇಳಲು ಬಹಳ ಹೊತ್ತು ಹಿಡಿಯಿತು. ಅವಳು ಕಿರುಚಲಿಲ್ಲ. ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡು, ‘ವಯಸ್ಸು ಎಷ್ಟು ಅಂತ ಬರ್ದವ್ರೆ?’ ಎಂದು ಕೇಳಿದಳು.

‘ಹತ್ತೊಂಬತ್ತು.’

ಅವಳ ಲೆಕ್ಕದಲ್ಲಿ ಅದು ಸರಿಯಾಗಿತ್ತು. ಅವಳು ಕಾಗದ ಮಡಿಸಿ ಸೆರಗಿಗೆ ಕಟ್ಟಿಕೊಂಡು ಹೋದಳು.

ಇಪ್ಪತ್ತು ದಿನಕ್ಕೆ ಮೇಷ್ಟ್ರ ಹೆಸರಿಗೆ ಇನ್ನೊಂದು ಕಾಗದ ಬಂತು. ತಾವು ಕಳಿಸಿದ ದಾಖಲೆಗಳನ್ನು ಒಪ್ಪಲಾಗಿದೆ, ವಯಸ್ಸನ್ನು ಹದಿನೇಳು ಎಂದು ತಿದ್ದಲಾಗಿದೆ, ಹುಡುಗನನ್ನು ಬಿಡುಗಡೆ ಮಾಡಿ ಮನೆಗೆ ಕಳಿಸಲು ತಿಳಿಸಲಾಗಿದೆ. ಒಂದು ಕಚೇರಿ ಬರೆದ ಸಾವಿನ ಸುದ್ದಿ ಇನ್ನೊಂದು ಕಚೇರಿಗೆ ತಲುಪಿರಲಿಲ್ಲ ಅಷ್ಟೆ. ಮೇಷ್ಟ್ರು ಅದನ್ನು ಎರಡು ಸಲ ಓದಿ, ಹಳೆಯ ದಾಖಲಾತಿ ಪುಸ್ತಕ ತೆಗೆದು, ನಂಜನ ಹೆಸರಿದ್ದ ಪುಟಕ್ಕೆ ಗುಂಡುಸೂಜಿಯಿಂದ ಚುಚ್ಚಿಟ್ಟರು. ಅಲ್ಲಿ ಅವರ ದುಂಡನೆಯ ಏಳು ಹಾಗೆಯೇ ಇತ್ತು. ಅದನ್ನು ಅವರು ತಿದ್ದಲಿಲ್ಲ.

ಆಮೇಲೆ ಆ ಹೆಬ್ಬೆರಳು ಓಡಾಡಲಿಲ್ಲ. ಪಾಠ ಹೇಳುತ್ತಿದ್ದರು, ಊಟ ಮಾಡುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಜೂನ್ ತಿಂಗಳ ಮೇಜಿಗೆ ಮತ್ತೆ ಕೂರಲಿಲ್ಲ, ಆ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ಉಗಾದಿಯ ಬೆಳಿಗ್ಗೆ ಹೊಳೆ ದಾಟಿ ನಂಜನ ಅವ್ವನ ಮನೆಗೆ ಹೋಗಿ ಜಗಲಿಯ ತುದಿಯಲ್ಲಿ ಕೂರುತ್ತಿದ್ದರು. ಅವಳು ಬಾ ಎನ್ನುತ್ತಿರಲಿಲ್ಲ, ಹೋಗು ಎನ್ನುತ್ತಿರಲಿಲ್ಲ, ಬೇವು ಬೆಲ್ಲ ಕೊಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತಿದ್ದರು. ಐದು ಉಗಾದಿ ಹೀಗೆ ಹೋದರು. ಒಂದು ಸಲ ನಾನು ತಡೆಯಲಾರದೆ, ‘ನಾನು ಹೋಗಿ ನಿಜ ಹೇಳಿಬಿಡ್ತೀನಿ ಸಾರ್’ ಎಂದೆ. ‘ಹೇಳಿದರೆ ನಿಮ್ಮ ಮುಖ ನೋಡಲ್ಲ’ ಎಂದರು. ಅವರ ಆ ಹಟ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಅಂಥ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಫಾರಂ ಇವತ್ತು ತುಂಬಿಸಿದೆ. ಐವತ್ತೈದು ಎಂದು ಬರೆದಿದ್ದೇನೆ. ಸರ್ವಿಸ್ ಪುಸ್ತಕಕ್ಕೆ ಹೊಂದುವುದಿಲ್ಲ ಎಂದು ಅದು ವಾಪಸು ಬರುತ್ತದೆ, ಬರಲಿ. ಹಾಗೆ ಬರೆಯಲು ನನಗೆ ಹೇಳಿದವರಿದ್ದಾರೆ.

ಮಣ್ಣು ಮಾಡುವಾಗ ಹೆಚ್ಚು ಜನ ಬಂದಿರಲಿಲ್ಲ. ಎಲ್ಲ ಮುಗಿದು ನೆಂಟರೂ ಹೊರಟ ಮೇಲೆ, ಬೇಲಿಯ ಆಚೆ ಅಷ್ಟು ಹೊತ್ತೂ ನಿಂತಿದ್ದ ನಂಜನ ಅವ್ವ ಒಳಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು. ಮಣ್ಣಿನ ಕೈಯಲ್ಲೇ ಮುಖ ಒರೆಸಿಕೊಂಡಳು.

‘ಅವತ್ತು ಏಳು ಅಂದಿದ್ದು ನಾನೇಯ’ ಎಂದಳು. ‘ಗೊತ್ತಿತ್ತು ಸ್ವಾಮಿ. ಒಂದು ದಿನಾನೂ ಮರ್ತಿಲ್ಲ. ಅವರು ತಮ್ ತಲೆ ಮ್ಯಾಲೆ ಆಕ್ಕಂಡ್ರು, ನಾನು ಆಕ್ಕಳ್ಳಿ ಅಂತ ಸುಮ್ಕಿದ್ದೆ. ಇಲ್ದಿದ್ರೆ ಒಳೆಗೆ ಬೀಳ್ತಿದ್ದೆ. ಜಗಲಿ ಮ್ಯಾಲೆ ಬಂದು ಕೂರೋರಲ್ಲ, ಒಳಗೆ ಬಾಗ್ಲಿಂದೆ ನಿಂತು ಅಳ್ತಿದ್ದೆ. ಈಚೆ ಬಂದು ಯೋಳಾಕೆ ಬಾಯಿ ಬರ್ಲಿಲ್ಲ.’

ಅವಳು ಮಣ್ಣಿನ ಗುಡ್ಡೆಯನ್ನೇ ನೋಡುತ್ತಿದ್ದಳು.

‘ಮೇಷ್ಟ್ರಿಗೆ ಎಷ್ಟಾಗಿತ್ತು?’

‘ಐವತ್ತನಾಲ್ಕು ತಾಯಿ.’

‘ಬಸ್ರಿಂದು ಸೇರ್ಸಿದೀರಾ?’

‘ಇಲ್ಲ.’

‘ಸೇರ್ಸಿ ಸ್ವಾಮಿ. ಅವರವ್ವನೂ ಒತ್ತಿರ್ತಾಳಲ್ಲ.’

ತಿರುಗಿ ನಡೆದಳು. ಬೇಲಿಯ ಹತ್ತಿರ ಹೋದವಳು ಅಲ್ಲೇ ನಿಂತಳು. ಮತ್ತೆ ನನ್ನ ಹತ್ತಿರಕ್ಕೆ ಬಂದು, ಯಾರಿಗೂ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದಳು.

‘ನನ್ ನಂಜಂಗೆ ಮಾತ್ರ ಸೇರ್ಸ್‌ಬ್ಯಾಡಿ. ನಾನ್ ಒತ್ತಿದ್ದು ಬುಟ್ಬುಡಿ. ಅವನಿಗೆ ಅದಿನೇಳೇಯ.’